ಬಾಯಿಬಿಟ್ಟು ಕೇಳಿ: ಹಲ್ಲಿನ ದಾರಿಗೆ ಅಡ್ಡ ಕೂತ ಗಡ್ಡೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೊರಗೆ ಬಾರದ ಹಲ್ಲಿನ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಹುಳುಕು, ಬಾಯಿವಾಸನೆ ಎಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದವರಿದ್ದಾರೆ. ಒಂದರಲ್ಲಂತೂ ಹಲ್ಲಿಗಿಂತ ಕಿಟಕಿಯ ಸರಳೇ ಚೆನ್ನಾಗಿ ಕಾಣುತ್ತಿತ್ತು. ಅದನ್ನು ನೋಡಿ ನಾನು ರೋಗ ಹೇಳುವುದಿಲ್ಲ. ನೀವು ಬರೆದ ವಿವರ ನೋಡಿ, ನಿಮ್ಮ ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನೋದನ್ನು ಹೇಳುತ್ತೇನೆ.

ಪ್ರಶ್ನೆ: ಡಾಕ್ಟ್ರಮ್ಮಾ, ನನ್ನ ಮಗಳಿಗೆ ಒಂಬತ್ತು ತುಂಬಿದೆ. ಮೇಲೆ ಬಲಗಡೆ ಮುಂದಿನ ದೊಡ್ಡ ಹಲ್ಲು ಬಂದು ವರ್ಷದ ಮೇಲಾಯ್ತು. ಎಡಗಡೆ ಇನ್ನೂ ಹಾಲುಹಲ್ಲೇ ಇದೆ, ಅಲ್ಲಾಡೋದೂ ಇಲ್ಲ. ಅದರ ಪಕ್ಕದ ಹಲ್ಲು ಮಾತ್ರ ಬಂದುಬಿಟ್ಟಿದೆ. ನಮ್ಮತ್ತೆ, "ಮೊದಲು ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೀಲಿಲ್ಲ, ಅದಕ್ಕೇ ಹಿಂಗಾಯ್ತು" ಅಂತಾರೆ. ಮನೆಯವರು ಬೋರ್‌ವೆಲ್ ನೀರಿನ ಫ್ಲೋರೈಡ್ ಅಂತಾರೆ. ಊರಲ್ಲಿ ಇಂಜೆಕ್ಷನ್ ಮಾಡುವವರೊಬ್ಬರು ವಸಡು ಸ್ವಲ್ಪ ಕೊಯ್ದರೆ ಸಾಕು ಅಂದರು. ಕೊಪ್ಪಳದಲ್ಲಿ ಎಕ್ಸ್-ರೇ ತೆಗೆದ ಡಾಕ್ಟರು, "ಒಡೊಂಟೋಮಾ ಇದ್ದಂಗಿದೆ. ಹಲ್ಲಿನ ಗಡ್ಡೆ. ಒಳಗೆ ಸಣ್ಣ ಸಣ್ಣ ಹಲ್ಲುಗಳಿವೆ, ಆಪರೇಷನ್ ಮಾಡಬೇಕು" ಅಂದರು. ಗಡ್ಡೆ ಅಂದಾಗಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರ್ತಿಲ್ಲ. ಇದು ಕ್ಯಾನ್ಸರಾ? ಇನ್ನೆರಡು ವರ್ಷ ಕಾದು ನೋಡಬಹುದಾ?
ಒಬ್ಬ ತಾಯಿ, ಕುಷ್ಟಗಿ

ಉತ್ತರ: ಮೊದಲು ಊಟ ಮಾಡಿ ತಾಯಿ. ಒಡೊಂಟೋಮಾ ಕ್ಯಾನ್ಸರ್ ಅಲ್ಲ. ಮೈಯಲ್ಲಿ ಬೇರೆ ಕಡೆ ಹರಡುವುದಿಲ್ಲ. ಹಲ್ಲು ಕಟ್ಟುವ ಅಂಗಾಂಶ ಒಂದು ಹಲ್ಲು ಮಾಡಿ ಸುಮ್ಮನಾಗುವ ಬದಲು, ಪಕ್ಕದಲ್ಲೇ ಇನ್ನಷ್ಟು ಮಾಡುತ್ತಾ ಕೂತಿದೆ ಅಷ್ಟೇ. ಒಂದು ಗಾತ್ರಕ್ಕೆ ಬಂದ ಮೇಲೆ ತಾನೇ ಬೆಳವಣಿಗೆ ನಿಲ್ಲಿಸುತ್ತದೆ. ಪುಸ್ತಕಗಳಲ್ಲಿ ಇದನ್ನು ಗಡ್ಡೆಗಳ ಪಟ್ಟಿಯಲ್ಲಿ ಸೇರಿಸಿದ್ದರೂ ನಿಜವಾದ ಗಡ್ಡೆಯ ಗುಣ ಇದಕ್ಕೆ ಕಡಿಮೆ. ಈ ಹೆಸರು 1867ರಷ್ಟು ಹಳೆಯದು, ಇಟ್ಟವರು ಫ್ರಾನ್ಸಿನ ಪಾಲ್ ಬ್ರೋಕಾ. ಮೆದುಳಿನಲ್ಲಿ ಮಾತಿನ ಜಾಗ ಯಾವುದು ಅಂತ ತೋರಿಸಿದ ಅದೇ ಬ್ರೋಕಾ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಪುಟ್ಟ ಪುಟ್ಟ ಹಲ್ಲುಗಳೇ ಗುಂಪಾಗಿ ಇರುತ್ತವೆ. ಇದಕ್ಕೆ ಕಾಂಪೌಂಡ್ ಅಂತಾರೆ. ಮೇಲಿನ ದವಡೆಯ ಮುಂಭಾಗದಲ್ಲೇ ಜಾಸ್ತಿ. ನಿಮ್ಮ ಮಗಳದ್ದು ಇದೇ ಇರಬೇಕು. ಇನ್ನೊಂದು ಕಾಂಪ್ಲೆಕ್ಸ್. ಅದರಲ್ಲಿ ಹಲ್ಲಿನ ಆಕಾರವೇ ಇರುವುದಿಲ್ಲ, ಹಲ್ಲಿನ ಹೊರಪದರ ಎನಾಮಲ್, ಅದರೊಳಗಿನ ಡೆಂಟಿನ್ ಎಲ್ಲ ಕಲಸಿಹೋದ ಒಂದು ಗಟ್ಟಿ ಮುದ್ದೆ. ಅದು ಕೆಳದವಡೆಯ ಹಿಂಭಾಗದಲ್ಲಿ ಜಾಸ್ತಿ. ಎರಡೂ ನೋವು ಕೊಡುವುದು ಅಪರೂಪ. ನೋವಿಲ್ಲ ಅಂತ ಯಾರೂ ತೋರಿಸುವುದಿಲ್ಲ. ಹಲ್ಲು ಬರಲಿಲ್ಲವಲ್ಲ ಅಂತ ಯಾರೋ ಎಕ್ಸ್-ರೇ ತೆಗೆಸಿದಾಗಲೇ ಇದು ಗೊತ್ತಾಗುವುದು.

ಅತ್ತೆಯವರಿಗೆ ಹೇಳಿ, ಮಾಳಿಗೆಗೂ ಇದಕ್ಕೂ ಸಂಬಂಧವಿಲ್ಲ. ನಾನೂ ಚಿಕ್ಕವಳಿದ್ದಾಗ ಎಸೆದವಳೇ, ಖುಷಿಯ ಆಟ ಅದು. ಮನೆಯವರ ಅನುಮಾನಕ್ಕೆ ಸ್ವಲ್ಪ ಕಾರಣವಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಆದರೆ ಅದು ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ತರುತ್ತದೆ. ತಂದರೂ ಒಂದೇ ವಯಸ್ಸಿನಲ್ಲಿ ಬೆಳೆದ ಹಲ್ಲುಗಳಿಗೆಲ್ಲ ತರುತ್ತದೆ. ಬಲಗಡೆ ಹಲ್ಲನ್ನು ಬಿಟ್ಟು ಎಡಗಡೆಯದನ್ನು ಮಾತ್ರ ಹಿಡಿದು ನಿಲ್ಲಿಸುವುದು ನೀರಿನ ಕೆಲಸ ಅಲ್ಲ.

ಇನ್ನು ವಸಡು ಕೊಯ್ಯುವ ಮಾತು. ದಯವಿಟ್ಟು ಬೇಡ. ಅಡ್ಡಿ ಇರುವುದು ವಸಡಿನಲ್ಲಿ ಅಲ್ಲ, ಮೂಳೆಯೊಳಗೆ. ಮೇಲೆ ಕೊಯ್ದರೆ ಗಾಯ ಆಗುತ್ತದೆ, ವಸಡು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಹಲ್ಲು ಇದ್ದಲ್ಲೇ ಇರುತ್ತದೆ.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ವಿಷಯ. ಮೇಲಿನ ಮುಂದಿನ ಹಲ್ಲು ಏಳೆಂಟು ವರ್ಷಕ್ಕೆ ಬರಬೇಕು. ಒಂದು ಬಂದು ಆರು ತಿಂಗಳಾದರೂ ಅದರ ಜೋಡಿ ಬರದಿದ್ದರೆ ಎಕ್ಸ್-ರೇ ತೆಗೆಸಲೇಬೇಕು. ಎರಡನೆಯದು, ಪಕ್ಕದ ಹಲ್ಲು ಸರದಿ ತಪ್ಪಿಸಿ ಮೊದಲೇ ಬಂದಿದೆ. ಕೆಲವು ಮಕ್ಕಳಿಗೆ ಎಲ್ಲ ಹಲ್ಲೂ ತಡ, ಅದು ಬೇರೆ. ಜೋಡಿಯಲ್ಲಿ ಒಂದು ಬಂದು ಒಂದು ನಿಂತರೆ, ಸರದಿ ತಪ್ಪಿದರೆ, ಒಳಗೆ ಏನೋ ಅಡ್ಡ ಇದೆ ಅಂತಲೇ ನಾನು ನೋಡುತ್ತೇನೆ. ಅದು ಗಡ್ಡೆಯೇ ಆಗಬೇಕಂತಿಲ್ಲ. ಮೊಳೆಯಂಥ ಒಂದು ಹೆಚ್ಚುವರಿ ಹಲ್ಲು ಇರಬಹುದು. ಚಿಕ್ಕಂದಿನಲ್ಲಿ ಬಿದ್ದು ಹಾಲುಹಲ್ಲಿಗೆ ಪೆಟ್ಟಾಗಿ ಒಳಗಿನ ಹಲ್ಲಿನ ಬೇರು ಸೊಟ್ಟಗಾಗಿರಬಹುದು. ಹುಟ್ಟಿನಿಂದ ಆ ಹಲ್ಲೇ ಇಲ್ಲದಿರಬಹುದು. ಎಲ್ಲಕ್ಕೂ ಹೊರಗಿನ ಲಕ್ಷಣ ಒಂದೇ. ಬೇರ್ಪಡಿಸುವುದು ಎಕ್ಸ್-ರೇ.

ಒಡೊಂಟೋಮಾ ಎಕ್ಸ್-ರೇಯಲ್ಲಿ ಬಿಳಿ ಚೂರುಗಳ ಗೊಂಚಲಾಗಿ ಕಾಣುತ್ತದೆ, ಸುತ್ತ ತೆಳ್ಳನೆಯ ಕಪ್ಪು ಅಂಚು. ಅದರ ಮೇಲೆಯೋ ಹಿಂದೆಯೋ ನಿಜವಾದ ಹಲ್ಲು ಸಿಕ್ಕಿಕೊಂಡಿರುತ್ತದೆ. ಆ ಹಲ್ಲು ತುಟಿ ಕಡೆ ಇದೆಯಾ, ಅಂಗುಳದ ಕಡೆ ಇದೆಯಾ ಅಂತ ಒಂದೇ ಫಿಲ್ಮಿನಲ್ಲಿ ತಿಳಿಯುವುದಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ. ಟ್ಯೂಬನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡನೇ ಸಣ್ಣ ಎಕ್ಸ್-ರೇ ತೆಗೆಯುವುದು. ಟ್ಯೂಬು ಹೋದ ಕಡೆಗೇ ಹಲ್ಲೂ ಸರಿದಂತೆ ಕಂಡರೆ ಅದು ಅಂಗುಳದ ಕಡೆ, ಎದುರು ದಿಕ್ಕಿಗೆ ಸರಿದರೆ ತುಟಿ ಕಡೆ. ಸಿಬಿಸಿಟಿ ಸ್ಕ್ಯಾನ್ ಮಾಡಿದರೆ ಮೂರೂ ದಿಕ್ಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದರಲ್ಲಿ ವಿಕಿರಣವೂ ಜಾಸ್ತಿ, ಖರ್ಚೂ ಜಾಸ್ತಿ. ಚಿಕ್ಕ ಮಗು ಅಲ್ವಾ, ಸಣ್ಣ ಎಕ್ಸ್-ರೇಯಲ್ಲಿ ಕೆಲಸ ಆಗುವ ಹಾಗಿದ್ದರೆ ಅಷ್ಟೇ ಸಾಕು. ಆಪರೇಷನ್ ಮಾಡುವವರು ಬೇಕು ಅಂದರೆ ಮಾಡಿಸಿ. "ಎಲ್ಲರಿಗೂ ಮಾಡ್ತೀವಿ" ಅನ್ನುವುದು ಮಾತ್ರ ಕಾರಣ ಅಲ್ಲ.

ಕಾಯಬಹುದಾ ಅಂತ ಕೇಳಿದ್ದೀರಿ. ನನ್ನ ಉತ್ತರ, ಬೇಡ. ಗಡ್ಡೆಯ ಹೆದರಿಕೆಗಲ್ಲ, ಹಲ್ಲಿನ ಬೇರಿಗಾಗಿ. ಈ ಹಲ್ಲಿನ ಬೇರಿನ ತುದಿ ಸುಮಾರು ಹತ್ತನೇ ವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಬೇರು ಇನ್ನೂ ಬೆಳೆಯುತ್ತಿರುವ ಹಲ್ಲಿಗೆ ತಾನಾಗಿ ಇಳಿದು ಬರುವ ಕಸುವು ಇರುತ್ತದೆ. ಈಗ ಅಡ್ಡಿ ತೆಗೆದರೆ ಅದು ತಾನೇ ಬರುವ ಸಾಧ್ಯತೆ ಚೆನ್ನಾಗಿದೆ. ಎರಡು ವರ್ಷ ಬಿಟ್ಟು ತೆಗೆದರೆ ಎಳೆದು ತರಬೇಕಾಗಬಹುದು. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಆಗ ಹಲ್ಲು ಇಳಿದರೂ ಅದಕ್ಕೆ ಜಾಗ ಇರುವುದಿಲ್ಲ.

ಆಪರೇಷನ್ ಅಂದರೆ ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಹೆದರಿಕೆ ಅರ್ಧ ಇಳಿಯುತ್ತದೆ. ಮಗು ಮಾತು ಕೇಳುವಂತಿದ್ದರೆ ಜಾಗ ಮರಗಟ್ಟಿಸುವ ಇಂಜೆಕ್ಷನ್ ಸಾಕು. ತುಂಬಾ ಹೆದರುವ ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಹಾಲುಹಲ್ಲು ತೆಗೆದು, ವಸಡನ್ನು ಬಿಡಿಸಿ, ತೆಳ್ಳನೆಯ ಮೂಳೆ ಪದರ ಸರಿಸಿದರೆ ಗೊಂಚಲು ಕಾಣುತ್ತದೆ. ಒಂದೊಂದಾಗಿ ಬರುತ್ತವೆ. ಸಲೈನಿನಲ್ಲಿ ತೊಳೆದು ಗಾಜ್ ಬಟ್ಟೆ ಮೇಲೆ ಸಾಲಾಗಿ ಇಟ್ಟರೆ ಅಕ್ಕಿಕಾಳಿನಷ್ಟು ಗಾತ್ರ. ಕಣ್ಣಿಟ್ಟು ನೋಡಿದರೆ ಪ್ರತಿಯೊಂದಕ್ಕೂ ಒಂದು ತಲೆ, ಒಂದು ಬೇರು. ಕೆಲವಕ್ಕೆ ಬೇರಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹೊರಗೆ ಕಾದು ಕೂತ ಅಪ್ಪಂದಿರು ಅದರ ಫೋಟೋ ತೆಗೆದುಕೊಳ್ಳದೆ ಹೋಗುವುದಿಲ್ಲ. ಎಲ್ಲ ಬಂತಾ ಅಂತ ಎಕ್ಸ್-ರೇ ಜೊತೆ ತಾಳೆ ನೋಡುತ್ತಾರೆ, ಹೊಲಿಗೆ ಹಾಕುವ ಮುಂಚೆ ಇನ್ನೊಂದು ಎಕ್ಸ್-ರೇ ತೆಗೆದರೆ ಇನ್ನೂ ಒಳ್ಳೆಯದು. ಸುತ್ತಲಿನ ಮೆತ್ತನೆಯ ಪೊರೆಯನ್ನೂ ಬಿಡಿಸಿ ತೆಗೆಯುತ್ತಾರೆ. ಒಳಗಿನ ನಿಜವಾದ ಹಲ್ಲಿಗೆ ಕೈ ಹಚ್ಚುವುದಿಲ್ಲ.

ಇಲ್ಲಿ ನೀವು ಒಂದು ವಿಷಯಕ್ಕೆ ಗಟ್ಟಿಯಾಗಿ ನಿಲ್ಲಬೇಕು. ತೆಗೆದದ್ದೆಲ್ಲ, ಪೊರೆಯೂ ಸೇರಿ, ಬಯಾಪ್ಸಿಗೆ ಹೋಗಬೇಕು. ಎಕ್ಸ್-ರೇಯಲ್ಲಿ ಇದೇ ಥರ ಕಾಣುವ ಬೇರೆ ಗಡ್ಡೆಗಳೂ ಇವೆ. ಕೊನೆಯ ಮಾತು ಮೈಕ್ರೋಸ್ಕೋಪಿನದ್ದು. "ನೆನಪಿಗೆ ಮನೆಗೆ ಒಯ್ತೀವಿ" ಅಂತ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡಿ. ತೆಗೆದದ್ದು ಕೆಡದಂತೆ ಕಾಯುವ ಫಾರ್ಮಲಿನ್ ದ್ರವದ ಬಾಟಲಿಯಲ್ಲೇ ಇರಬೇಕು. ಮೇಲೆ ಮಗುವಿನ ಹೆಸರು, ವಯಸ್ಸು, ಯಾವ ಜಾಗದಿಂದ ತೆಗೆದದ್ದು ಅನ್ನೋದು ಬರೆದಿದೆಯಾ ಅಂತ ನೀವೇ ಒಮ್ಮೆ ಓದಿ. ಉಪ್ಪುನೀರಿನಲ್ಲಿ ಹಾಕಿ ಎರಡು ದಿನ ಬಿಟ್ಟರೆ ಪರೀಕ್ಷೆಗೆ ಬರುವುದಿಲ್ಲ. ರಿಪೋರ್ಟ್ ತಡವಾದರೆ ಗಾಬರಿ ಬೇಡ. ಹಲ್ಲಿನಂಥ ಗಟ್ಟಿ ಚೂರನ್ನು ಮೊದಲು ಆಸಿಡ್ಡಿನಲ್ಲಿಟ್ಟು ಮೆತ್ತಗೆ ಮಾಡಿಕೊಂಡೇ ಕತ್ತರಿಸಬೇಕು, ಅದಕ್ಕೇ ದಿನ ಹಿಡಿಯುತ್ತದೆ.

ಮೊದಲ ದಿನ ಬಾಯಿ ಮುಕ್ಕಳಿಸುವುದು ಬೇಡ. ಮರುದಿನದಿಂದ ಬೆಚ್ಚಗಿನ ಉಪ್ಪುನೀರು. ಎರಡು ಮೂರು ದಿನ ತುಟಿ ಊದುತ್ತದೆ, ಆಮೇಲೆ ಇಳಿಯುತ್ತದೆ. ಹಾಲು ಅನ್ನ, ತಣ್ಣನೆಯ ಗಂಜಿ ಕೊಡಿ. ಮಂಡಕ್ಕಿ, ಶೇಂಗಾ, ಕಟಕ್ ರೊಟ್ಟಿ ಹೊಲಿಗೆ ಬಿಚ್ಚುವವರೆಗೆ ಇಲ್ಲ. ಬಂದ ನೆಂಟರೆಲ್ಲ ತುಟಿ ಎತ್ತಿ ಹೊಲಿಗೆ ನೋಡುವುದನ್ನಂತೂ ನಿಲ್ಲಿಸಿ!

ಆಮೇಲೆ ಕೆಲವು ತಿಂಗಳು ಕಾಯುತ್ತಾರೆ. ಹಲ್ಲು ಇಳಿಯುತ್ತಿದೆಯಾ ಅಂತ ನಡುವೆ ಎಕ್ಸ್-ರೇ ನೋಡುತ್ತಾರೆ. ಇಳಿಯದಿದ್ದರೆ ಹಲ್ಲಿನ ಮುಖಕ್ಕೆ ಒಂದು ಸಣ್ಣ ಗುಂಡಿ ಅಂಟಿಸಿ, ಅದಕ್ಕೆ ತೆಳ್ಳನೆಯ ಸರಪಳಿ ಕಟ್ಟಿ, ವಸಡು ಮುಚ್ಚುತ್ತಾರೆ. ಸರಪಳಿಯ ತುದಿ ಮಾತ್ರ ಹೊರಗೆ. ಅದನ್ನು ಕ್ಲಿಪ್ಪಿನ ತಂತಿಗೆ ಕಟ್ಟಿ, ಪ್ರತಿ ಸಲ ಹೋದಾಗ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾರೆ. ಜೋರಾಗಿ ಎಳೆಯುವಂತಿಲ್ಲ. ಎಳೆದರೆ ಹಲ್ಲು ಬರುವ ಬದಲು ಬೇರು ಸವೆಯುತ್ತದೆ. ನಿಮ್ಮಲ್ಲಿ ತಾಳ್ಮೆ ಇರಬೇಕಾದದ್ದು ಈ ಹಂತದಲ್ಲಿ, ಈಗಲ್ಲ.

ಆಪರೇಷನ್ನಿಗೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೂ ಹೋಗಬಹುದು, ರಾಯಚೂರಿನ ದಂತ ಕಾಲೇಜುಗಳಿಗೂ ಹೋಗಬಹುದು. ಕಾಲೇಜಿನಲ್ಲಿ ಒಂದು ಅನುಕೂಲ ಇದೆ. ಮಕ್ಕಳ ವಿಭಾಗ, ಆಪರೇಷನ್ ವಿಭಾಗ, ಕ್ಲಿಪ್ಪಿನ ವಿಭಾಗ, ಬಯಾಪ್ಸಿ ನೋಡುವವರು ಎಲ್ಲ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಹಳೆಯ ಎಕ್ಸ್-ರೇ ತಪ್ಪದೆ ಒಯ್ಯಿರಿ, ಮಡಚಬೇಡಿ.

ಪ್ರಶ್ನೆ: ಮೇಡಂ, ನಾನು ಪಿಯುಸಿ ಓದುತ್ತಿದ್ದೇನೆ, ಹದಿನೇಳು ವರ್ಷ. ಮೇಲೆ ಬಲಗಡೆ ಕೋರೆಹಲ್ಲು ಬಂದಿಲ್ಲ. ಮೂಗಿನ ಪಕ್ಕ ಸ್ವಲ್ಪ ಊದಿದೆ, ನೋವಿಲ್ಲ. ಓಪಿಜಿಯಲ್ಲಿ, ಅಂದರೆ ಎರಡೂ ದವಡೆ ಪೂರ್ತಿ ಕಾಣುವ ದೊಡ್ಡ ಎಕ್ಸ್-ರೇಯಲ್ಲಿ, ಕೋರೆಹಲ್ಲಿನ ಸುತ್ತ ಕಪ್ಪು ಗುಂಡಗಿನ ಜಾಗ ಇದೆ. ಒಬ್ಬ ಡಾಕ್ಟರು ನೀರು ತುಂಬಿದ ಸಿಸ್ಟ್ ಅಂದರು. ಇನ್ನೊಬ್ಬರು ಒಳಗೆ ಬಿಳಿ ಚುಕ್ಕೆಗಳಿವೆ, ಎಒಟಿ ಅನ್ನೋ ಗಡ್ಡೆ ಇರಬಹುದು ಅಂದರು. ಯಾರನ್ನು ನಂಬಬೇಕು? ಅಮ್ಮ ಯಾರಿಗೂ ಹೇಳಬೇಡ ಅಂತಿದ್ದಾರೆ.
ಹೆಸರು ಬೇಡ, ಸಿಂಧನೂರು

ಉತ್ತರ: ಇಬ್ಬರನ್ನೂ ನಂಬಮ್ಮ. ಎಕ್ಸ್-ರೇ ನೋಡಿ ಇಬ್ಬರೂ "ಇರಬಹುದು" ಅಂತಲೇ ಹೇಳಬೇಕು. "ಹೌದು" ಅನ್ನುವುದು ಬಯಾಪ್ಸಿ.

ಎರಡನೆಯವರಿಗೆ ಎಒಟಿ ಅನುಮಾನ ಬಂದದ್ದು ಯಾಕೆ ಅಂತ ಹೇಳುತ್ತೇನೆ. ಪೂರ್ತಿ ಹೆಸರು ಅಡಿನೊಮಾಟಾಯ್ಡ್ ಒಡೊಂಟೋಜೆನಿಕ್ ಟ್ಯೂಮರ್. ಪರೀಕ್ಷೆಗೆ ಓದುವಾಗ ನಾವೆಲ್ಲ ಇದನ್ನು ಮೂರರಲ್ಲಿ ಎರಡು ಪಾಲು ಅಂತ ನೆನಪಿಟ್ಟುಕೊಂಡವರು. ಸುಮಾರು ಮೂರರಲ್ಲಿ ಎರಡು ಪಾಲು ಮೇಲಿನ ದವಡೆಯಲ್ಲಿ, ಅಷ್ಟೇ ಪಾಲು ಹೆಣ್ಣುಮಕ್ಕಳಲ್ಲಿ, ಅಷ್ಟೇ ಪಾಲು ಹದಿಹರೆಯದಲ್ಲಿ, ಅಷ್ಟೇ ಪಾಲು ಹೊರಬಾರದ ಹಲ್ಲಿನ ಜೊತೆ, ಅದರಲ್ಲೂ ಕೋರೆಹಲ್ಲೇ ಹೆಚ್ಚು. ನಿನ್ನ ವಿವರ ಎಲ್ಲಕ್ಕೂ ಹೊಂದುತ್ತದೆ. ಸಿಸ್ಟ್ ಆದರೆ ಕಪ್ಪು ಜಾಗ ಸಾಮಾನ್ಯವಾಗಿ ಹಲ್ಲಿನ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಎಒಟಿ ಕುತ್ತಿಗೆ ದಾಟಿ ಬೇರಿನ ಕಡೆಗೂ ಹಬ್ಬಿರುತ್ತದೆ, ಒಳಗೆ ಸಣ್ಣ ಬಿಳಿ ಚುಕ್ಕೆ ಇರಬಹುದು. ಆಪರೇಷನ್ನಿಗೆ ಮುಂಚೆ ಸೂಜಿ ಹಾಕಿ ಎಳೆದು ನೋಡುವುದೂ ಉಂಟು. ಸಿಸ್ಟ್ ಆಗಿದ್ದರೆ ಹೆಚ್ಚಾಗಿ ತಿಳಿ ಹಳದಿ ನೀರು ಬರುತ್ತದೆ.

ಸಮಾಧಾನದ ಸಂಗತಿ ಅಂದರೆ ಎಒಟಿಗೆ ದಪ್ಪನೆಯ ಹೊದಿಕೆ ಇರುತ್ತದೆ. ಪೂರ್ತಿಯಾಗಿ ಬಿಡಿಸಿ ತೆಗೆದರೆ ಮತ್ತೆ ಬರುವುದು ತೀರಾ ಅಪರೂಪ. ನಾವು ನಿಜವಾಗಿ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕಾದದ್ದು ಅಮೆಲೋಬ್ಲಾಸ್ಟೋಮಾ. ಅದೂ ಕ್ಯಾನ್ಸರ್ ಅಲ್ಲ, ಆದರೆ ಹಟಮಾರಿ. ಮೂಳೆಯೊಳಗೆ ನುಗ್ಗುತ್ತಾ ಹೋಗುತ್ತದೆ, ಕೆರೆದು ತೆಗೆದರೆ ಮತ್ತೆ ಬರುತ್ತದೆ. ಹಾಗಾಗಿ ಅದಕ್ಕೆ ಅಂಚಿನ ಮೂಳೆಯನ್ನೂ ಸೇರಿಸಿ ತೆಗೆಯಬೇಕಾಗಬಹುದು. ಚಿಕಿತ್ಸೆ ಇಷ್ಟು ಬೇರೆ ಬೇರೆ ಇರುವಾಗ ರಿಪೋರ್ಟ್ ಕೈಗೆ ಬರುವ ಮುಂಚೆ ದೊಡ್ಡ ಆಪರೇಷನ್ನಿಗೆ ಒಪ್ಪಬೇಡ.

ಕೋರೆಹಲ್ಲು ಉಳಿಯುತ್ತಾ? ಗಡ್ಡೆ ಬೇರಿನವರೆಗೂ ಸುತ್ತಿಕೊಂಡಿದ್ದರೆ ಹಲ್ಲನ್ನೂ ಸೇರಿಸಿಯೇ ತೆಗೆಯುತ್ತಾರೆ. ಕೆಲವು ಸಲ ಉಳಿಸಿ ಕ್ಲಿಪ್ ಹಾಕಿ ಇಳಿಸುವುದೂ ಆಗುತ್ತದೆ. ಅದನ್ನು ಆಪರೇಷನ್ ಟೇಬಲ್ ಮೇಲೆ ತೀರ್ಮಾನಿಸುವುದಕ್ಕಿಂತ ಮೊದಲೇ ಕ್ಲಿಪ್ ಹಾಕುವ ಡಾಕ್ಟರನ್ನೂ ಸೇರಿಸಿ ಮಾತಾಡಿಸು. ತೆಗೆದರೆ ಆ ಜಾಗಕ್ಕೆ ಈಗಲೇ ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಬೇಡ. ದವಡೆ ಬೆಳವಣಿಗೆ ಪೂರ್ತಿ ಆಗಲಿ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು ಸಿಗುತ್ತದೆ, ನಕ್ಕರೆ ಗೊತ್ತಾಗುವುದಿಲ್ಲ. ಅಮ್ಮನಿಗೆ ಈ ಪುಟ ಓದಲು ಕೊಡು. ಮುಚ್ಚಿಡುವ ರೋಗ ಇದಲ್ಲ. ಮುಚ್ಚಿಟ್ಟರೆ ಮೂಗಿನ ಪಕ್ಕದ ಊತ ತಾನೇ ಎಲ್ಲರಿಗೂ ಹೇಳುತ್ತದೆ.

ಪ್ರಶ್ನೆ: ಮೇಲಿನ ಕೋರೆಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತಾ?
ಒಬ್ಬ ಓದುಗ, ಮಾನ್ವಿ

ಉತ್ತರ: ಹೋಗುವುದಿಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ.

ಪ್ರಶ್ನೆ: ನನಗೆ ನಲವತ್ತೆರಡು. ಭತ್ತದ ಗದ್ದೆ ಇದೆ. ಬೇರೆ ಹಲ್ಲಿಗೆ ಓಪಿಜಿ ತೆಗೆಸಿದಾಗ ಕೆಳಗೆ ಎಡಗಡೆ ಕೊನೆಯಲ್ಲಿ ಬಿಳಿ ಮುದ್ದೆ, ಅದರ ಕೆಳಗೆ ಬುದ್ಧಿಹಲ್ಲು ಮಲಗಿದೆ ಅಂದರು. ನನಗೆ ಏನೂ ತೊಂದರೆ ಇಲ್ಲ. ತೆಗೆಸಲೇಬೇಕಾ? ಕೆಲಸದ ಹೊತ್ತು.
ಒಬ್ಬ ರೈತ, ಸಿರುಗುಪ್ಪ

ಉತ್ತರ: ನಾಳೆಯೇ ತೆಗೆಸಬೇಕಂತಿಲ್ಲ ಅಣ್ಣ, ನಾಟಿ ಮುಗಿಸಿಕೊಳ್ಳಿ. ಆದರೆ ಮರೆತುಬಿಡಬೇಡಿ. ಇದು ಕಾಂಪ್ಲೆಕ್ಸ್ ಒಡೊಂಟೋಮಾ ಇರಬಹುದು. ಈ ವಯಸ್ಸಿಗೆ ಆ ಬುದ್ಧಿಹಲ್ಲು ಮೇಲೆ ಬರುವ ಆಸೆ ಇಲ್ಲ. ಹಾಗಾಗಿ ಹಲ್ಲು ಉಳಿಸುವ ಪ್ರಶ್ನೆಯೂ ಇಲ್ಲ. ಉಳಿದದ್ದು ಮುದ್ದೆಯ ಗಾತ್ರ, ಅದು ವಸಡಿನ ಹೊರಗೆ ಇಣುಕುತ್ತಿದೆಯಾ, ಕೆಳತುಟಿಗೆ ಸ್ಪರ್ಶ ಕೊಡುವ ನರಕ್ಕೆ ಎಷ್ಟು ಹತ್ತಿರ ಇದೆ, ಇಷ್ಟೇ. ನಿಮಗೆ ಸಿಬಿಸಿಟಿ ಮಾಡಿಸುವುದು ಸರಿ. ಆ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿದಂತೆ ಇರುತ್ತದೆ. ಮೊದಲೇ ದಾರಿ ನೋಡಿಕೊಂಡು ಹೋಗಬೇಕು.

ಸಣ್ಣದು, ಸುತ್ತ ಕಪ್ಪು ಜಾಗ ಹಿಗ್ಗಿಲ್ಲ, ಬಾಯಿಗೆ ತೆರೆದುಕೊಂಡಿಲ್ಲ ಅಂದರೆ ವರ್ಷಕ್ಕೊಮ್ಮೆ ಓಪಿಜಿ ತೆಗೆಸಿ ನೋಡುತ್ತಾ ಇರುವುದೂ ಒಂದು ದಾರಿ. ದೊಡ್ಡದಿದ್ದರೆ, ಕೀವು ಬಂದಿದ್ದರೆ, ಹಿಂದಿನ ಎಕ್ಸ್-ರೇಗಿಂತ ಕಪ್ಪು ಭಾಗ ಬೆಳೆದಿದ್ದರೆ ತೆಗೆಸುವುದೇ ಮೇಲು. ಆಪರೇಷನ್ ಆದ ಕೆಲವು ವಾರ ಗಟ್ಟಿ ಪದಾರ್ಥ ಬೇಡ, ದವಡೆ ಅಲ್ಲಿ ತೆಳುವಾಗಿರುತ್ತದೆ.

ಪತ್ರದ ಕೊನೆಯಲ್ಲಿ ಗುಟ್ಕಾ ಹಾಕುವುದರಿಂದ ಗಡ್ಡೆ ಬಂತಾ ಅಂತ ಕೇಳಿದ್ದೀರಿ. ಈ ಗಡ್ಡೆ ಅದರಿಂದ ಬಂದದ್ದಲ್ಲ. ಆದರೆ ಗುಟ್ಕಾದಿಂದ ಬರುವ ಕಾಯಿಲೆಗೆ ಓಪಿಜಿ ಬೇಕಾಗಿಲ್ಲ, ಕನ್ನಡಿ ಸಾಕು. ಬಾಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದು, ಇವು ಕಂಡರೆ ನಾಟಿ ನಿಲ್ಲಿಸಿ ಬನ್ನಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮಕ್ಕಳ ಬಾಯಿ ನೋಡಿ ಇಂಥದ್ದನ್ನು ನಾವು ಗುರುತಿಸಬಹುದಾ?
ಒಬ್ಬ ಶಿಕ್ಷಕಿ, ಯಲಬುರ್ಗಾ

ಉತ್ತರ: ಖಂಡಿತ ಆಗುತ್ತದೆ ಟೀಚರ್. ಗಡ್ಡೆಯನ್ನಲ್ಲ, ಬಾರದ ಹಲ್ಲನ್ನು. ನಗಿಸಿ ನೋಡಿದರೆ ಸಾಕು. ಎರಡನೇ, ಮೂರನೇ ತರಗತಿಯ ಮಕ್ಕಳಲ್ಲಿ ಮೇಲಿನ ಎರಡು ಮುಂದಿನ ಹಲ್ಲು ನೋಡಿ. ಒಂದು ದೊಡ್ಡದು, ಇನ್ನೊಂದು ಇನ್ನೂ ಪುಟ್ಟ ಹಾಲುಹಲ್ಲು ಅಂತ ಕಂಡರೆ ಹೆಸರು ಬರೆದುಕೊಳ್ಳಿ. ಎರಡೂ ಬಂದಿಲ್ಲ ಅಂದರೆ ಕೆಳಗಿನ ಮುಂದಿನ ಹಲ್ಲುಗಳು ಬಂದು ಒಂದು ವರ್ಷ ದಾಟಿತಾ ಅಂತ ತಾಯಿಯನ್ನು ಕೇಳಿ. ಮೇಲಿನ ಕೋರೆಹಲ್ಲು ಬರುವುದು ಹನ್ನೊಂದು, ಹನ್ನೆರಡಕ್ಕೆ, ಅಷ್ಟರವರೆಗೆ ಅವಸರ ಬೇಡ. ಆರನೇ, ಏಳನೇ ತರಗತಿಯಲ್ಲಿ ಒಂದು ಕಡೆ ಬಂದು ಇನ್ನೊಂದು ಕಡೆ ಬಾರದಿದ್ದರೆ ಅದನ್ನೂ ಬರೆದುಕೊಳ್ಳಿ. ಒಂದೆರಡಲ್ಲ, ಹಲವು ಹಲ್ಲು ಬಂದಿಲ್ಲ, ದವಡೆ ಮೂಳೆಯಲ್ಲಿ ಗಟ್ಟಿ ಗಂಟುಗಳಿವೆ ಅಂದರೆ ಬೇಗ ಕಳಿಸಿ. ಗಾರ್ಡ್ನರ್ ಸಿಂಡ್ರೋಮ್ ಅಂತ ಒಂದಿದೆ. ತೀರಾ ಅಪರೂಪ, ಆದರೆ ಅದರಲ್ಲಿ ದೊಡ್ಡ ಕರುಳಿನಲ್ಲೂ ಗಂಟುಗಳು ಬೆಳೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತಾ ಅಂತ ಡಾಕ್ಟರು ಕೇಳುವುದು ಅದಕ್ಕೇ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಿಮ್ಮ ಪಟ್ಟಿ ಕೊಡಿ. ಹುಳುಕು ಹಲ್ಲು ಅವರ ಕಣ್ಣಿಗೆ ಬೀಳುತ್ತದೆ, ಇಲ್ಲದ ಹಲ್ಲನ್ನು ಯಾರಾದರೂ ತೋರಿಸಬೇಕು. ಮನೆಗೆ ಕಳಿಸುವ ಚೀಟಿಯಲ್ಲಿ ಮಾತ್ರ "ಗಡ್ಡೆ ಇರಬಹುದು" ಅಂತ ಬರೆಯಬೇಡಿ. "ಮೇಲಿನ ಎಡಗಡೆ ಮುಂದಿನ ಹಲ್ಲು ಬಂದಿಲ್ಲ, ಎಕ್ಸ್-ರೇ ತೆಗೆಸಿ, ಹಾಲುಹಲ್ಲನ್ನು ನೀವೇ ಕೀಳಬೇಡಿ" ಅಂತ ಬರೆದರೆ ಸಾಕು.